ಮ್ಯಾನೇಜ್‌ಮೆಂಟ್ ಪುಸ್ತಕಗಳು ಮತ್ತು ನಮ್ಮ ತರುಣ ಮಂಡಳ

(ಮಂಡಳದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ. ಸಂಚಿಕೆಗಾಗಿ ಅಲ್ಲಲ್ಲಿ ತಿದ್ದಿ ಬರೆದಿದ್ದೇನೆ.)



"ನಾಯಕತ್ವದ ಬಗ್ಗೆ ನೀ ನಾಲ್ಕು ಮಾತು ಹೇಳು" ಅಂತ ಮಂಡಳದವರು ಅಂದಾಗ ನಾನು ಮೊದಲು ಒಲ್ಲೆ ಅಂದೆ. ನಾನು ಬಿ.ಎ. ಓದುವ ಹುಡುಗ. ಕಂಪನಿ ಬಿಡಿ, ಒಂದು ಪಾನಪಟ್ಟಿ ಅಂಗಡಿಯನ್ನೂ ನಡೆಸಿದವನಲ್ಲ. ಆದರೆ ಕಳೆದ ವರ್ಷದಿಂದ ಕಾಲೇಜಿನ ಗ್ರಂಥಾಲಯದಲ್ಲಿ ವಾಣಿಜ್ಯದ ಕಪಾಟಿನಿಂದ ಮ್ಯಾನೇಜ್‌ಮೆಂಟ್ ಪುಸ್ತಕಗಳನ್ನು ಒಂದೊಂದಾಗಿ ತಂದು ಓದುತ್ತಿದ್ದೇನೆ. ಕೆಲವು ಇಂಗ್ಲಿಷಿನಲ್ಲಿ, ಕೆಲವು ಮರಾಠಿ ಅನುವಾದದಲ್ಲಿ. ಓದುವುದು ಆ ಎರಡು ಭಾಷೆಯಲ್ಲಾದರೂ ಯೋಚನೆ ಬರುವುದು ಮನೆಯ ಕನ್ನಡದಲ್ಲೇ. ಅದಕ್ಕೇ ಈ ಮಾತು ಕನ್ನಡದಲ್ಲಿ.

ಈ ಪುಸ್ತಕಗಳನ್ನು ಬರೆದವರು ಬಹಳ ಮಟ್ಟಿಗೆ ಅಮೆರಿಕದವರು. ದೊಡ್ಡ ಕಂಪನಿಯ ಸಾಹೇಬರಿಗಾಗಿ ಬರೆದದ್ದು. ನಮ್ಮ ಮಂಡಳದಲ್ಲಿ ಸಾಹೇಬರೂ ಇಲ್ಲ, ಕಂಪನಿಯೂ ಇಲ್ಲ. ಹಂಗಾದ್ರ ಇವುಗಳಲ್ಲಿ ನಮಗೆ ಬರುವಂಥದ್ದು ಏನಾದರೂ ಇದೆಯಾ? ಇದೆ. ಬಿಡಬೇಕಾದದ್ದೂ ಇದೆ. ಎರಡನ್ನೂ ಹೇಳ್ತೀನಿ. ಬಿಡಬೇಕಾದದ್ದನ್ನು ಮೊದಲು ಹೇಳ್ತೀನಿ.

ನಮ್ಮ ಕಾಲೇಜಿನಲ್ಲಿ ವ್ಯಕ್ತಿತ್ವ ವಿಕಾಸದ ಶಿಬಿರ ಇತ್ತು. ಬಂದ ವ್ಯಾಖ್ಯಾನಕಾರರು 'ಹೂ ಮೂವ್ಡ್ ಮೈ ಚೀಸ್' ಎಂಬ ಪುಸ್ತಕದ ಕಥೆ ಹೇಳಿದರು. ಸ್ಪೆನ್ಸರ್ ಜಾನ್ಸನ್ ಅನ್ನುವವರು 1998ರಲ್ಲಿ ಬರೆದ ಸಣ್ಣ ಪುಸ್ತಕ ಅದು. ಒಂದು ಜಟಿಲ ದಾರಿಯ ಒಳಗೆ ಎರಡು ಇಲಿ, ಎರಡು ಇಲಿಯಷ್ಟೇ ಗಾತ್ರದ ಮನುಷ್ಯರು. ಒಂದು ಕಡೆ ದಿನಾ ಚೀಸ್ ಸಿಗುತ್ತಿರುತ್ತದೆ. ಒಂದು ದಿನ ಸಿಗುವುದಿಲ್ಲ. ಇಲಿಗಳು ತಡಮಾಡದೆ ಬೇರೆ ಕಡೆ ಹುಡುಕಲು ಓಡುತ್ತವೆ. ಮನುಷ್ಯರು ಮಾತ್ರ ಅಲ್ಲೇ ಕೂತು ನಮ್ಮ ಚೀಸ್ ಎಲ್ಲಿ ಹೋಯಿತು ಅಂತ ಕೂಗಾಡುತ್ತಾರೆ. ಅವರಲ್ಲಿ ಒಬ್ಬ ಕಡೆಗೆ ಭಯ ಬಿಟ್ಟು ಹೊರಟು ಹೊಸ ಚೀಸ್ ಕಂಡುಕೊಳ್ಳುತ್ತಾನೆ. ವ್ಯಾಖ್ಯಾನಕಾರರು ಹೇಳಿದ ತಾತ್ಪರ್ಯ: ತಕರಾರು ಮಾಡಬೇಡಿ, ಬದಲಾಗಿರಿ, ಓಡಿರಿ.

ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಊರಿಗೆ ಬರುವ ಎಸ್.ಟಿ. ಬಸ್ಸಿನಲ್ಲಿ ಕೂತಾಗ ಒಂದು ಪ್ರಶ್ನೆ ಬಂತು. ಚೀಸ್ ಇಟ್ಟವರು ಯಾರು? ತೆಗೆದವರು ಯಾರು? ಗೋಡೆ ಕಟ್ಟಿದವರು ಯಾರು? ಪುಸ್ತಕದ ಹೆಸರಿನಲ್ಲೇ 'ಯಾರು' ಅನ್ನುವ ಪ್ರಶ್ನೆ ಇದೆ, ಒಳಗೆ ಮಾತ್ರ ಆ ಪ್ರಶ್ನೆ ಕೇಳಿದವನು ಹುಚ್ಚ ಅನ್ನಿಸಿಕೊಳ್ಳುತ್ತಾನೆ. ನಮ್ಮ ಅಜ್ಜ ಮುತ್ತಜ್ಜರ ಚೀಸನ್ನು ಯಾರೂ ಸರಿಸಲಿಲ್ಲ. ಅವರಿಗೆ ಅದನ್ನು ಇಡಲೇ ಇಲ್ಲ. ಅವರು ಓಡಲು ಸೋಮಾರಿಗಳೂ ಆಗಿರಲಿಲ್ಲ. ಓಡುವ ಹಾದಿಯಲ್ಲಿ ಇದು ನಿನ್ನ ದಾರಿ ಅಲ್ಲ ಅಂತ ನಿಲ್ಲಿಸುವವರು ಇದ್ದರು.

ಇದಕ್ಕೆ ಕೊಲ್ಹಾಪುರದ ಗಂಗಾರಾಮ ಕಾಂಬಳೆಯವರ ಚಹಾದ ಅಂಗಡಿಯೇ ಸಾಕ್ಷಿ. ಗಂಗಾರಾಮರು ಶಾಹು ಮಹಾರಾಜರ ಅರಮನೆಯ ಕುದುರೆಲಾಯದಲ್ಲಿ ಚಾಕರಿಗಿದ್ದವರು. ಮೇಲ್ಜಾತಿಯವರ ನೀರು ಮುಟ್ಟಿದರು ಅಂತ ಅವರನ್ನು ಹೊಡೆದರು. ಸುದ್ದಿ ತಿಳಿದ ಮಹಾರಾಜರು ಹೊಡೆದವರನ್ನು ಶಿಕ್ಷಿಸಿದರು. ಅಷ್ಟಕ್ಕೆ ನಿಲ್ಲದೆ ಗಂಗಾರಾಮರಿಗೆ ದುಡ್ಡು ಕೊಟ್ಟು ಸ್ವಂತ ಧಂದೆ ಮಾಡು ಅಂದರು. ಗಂಗಾರಾಮರು ಪೇಟೆಯಲ್ಲಿ ಚಹಾದ ಅಂಗಡಿ ಹಾಕಿದರು. ಅಂಗಡಿ ಸ್ವಚ್ಛ, ಚಹಾ ಚಲೋ. ಆದರೆ ಗಿರಾಕಿ ಇಲ್ಲ. ಇವನ ಕೈ ಚಹಾ ಯಾರು ಕುಡಿಯಬೇಕು?

ಈಗ ಹೇಳ್ರಿ, ಯಾವ ಮ್ಯಾನೇಜ್‌ಮೆಂಟ್ ಪುಸ್ತಕ ಗಂಗಾರಾಮರಿಗೆ ದಾರಿ ಹೇಳುತ್ತದೆ? ಮಾಲು ಸರಿ ಇತ್ತು, ಜಾಗ ಸರಿ ಇತ್ತು, ಬಂಡವಾಳ ಇತ್ತು, ದುಡಿಮೆ ಇತ್ತು. ಕೊರತೆ ಅಂಗಡಿಯೊಳಗೆ ಇರಲಿಲ್ಲ, ಬೀದಿಯಲ್ಲಿ ಇತ್ತು. ಮಹಾರಾಜರು ತಮ್ಮ ಗಾಡಿಯನ್ನು ಆ ಅಂಗಡಿಯ ಮುಂದೆ ನಿಲ್ಲಿಸಿ, ಎಲ್ಲರ ಕಣ್ಣೆದುರು ಗಂಗಾರಾಮರ ಕೈಯಿಂದ ಚಹಾ ತರಿಸಿಕೊಂಡು ಕುಡಿದರು, ಜೊತೆಗಿದ್ದ ಮೇಲ್ಜಾತಿಯವರಿಗೂ ಕುಡಿಸಿದರು ಅಂತ ಕೊಲ್ಹಾಪುರದ ಕಡೆ ಇಂದಿಗೂ ಹೇಳುತ್ತಾರೆ. ಅಧಿಕಾರ ಇದ್ದವರು ಅದನ್ನು ಹೀಗೆ ಬಳಸಿದರೆ ಅದು ನಾಯಕತ್ವ. 'ನೀನು ಬದಲಾಗು' ಅಂತ ಗಂಗಾರಾಮರಿಗೆ ಭಾಷಣ ಮಾಡಿದ್ದರೆ ಅದು ನಾಯಕತ್ವ ಆಗುತ್ತಿರಲಿಲ್ಲ.

ಇನ್ನೊಂದು ಉದಾಹರಣೆ ನಮ್ಮ ಸಾಂಗಲಿ ಜಿಲ್ಲೆಯದೇ. ತಾಸಗಾವ ತಾಲೂಕಿನ ಪೇಡ ಗ್ರಾಮದ ಅಶೋಕ ಖಾಡೆಯವರ ತಂದೆ ಮುಂಬಯಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದರು, ತಾಯಿ ಊರಲ್ಲಿ ಮಂದಿಯ ಹೊಲದಲ್ಲಿ ಕೂಲಿ ಮಾಡುತ್ತಿದ್ದರು. ಅಶೋಕರು ಮುಂಬಯಿಯ ಮಜಗಾಂವ ಡಾಕ್‌ನಲ್ಲಿ ಹಡಗು ಕಟ್ಟುವ ಕೆಲಸ ಕಲಿತರು. ಅದೇ ಕೆಲಸದ ಮೇಲೆ ಜರ್ಮನಿಗೂ ಹೋಗಿ ಬಂದರು. ವರ್ಷಗಟ್ಟಲೆ ಕೆಲಸ ಕಲಿತ ಮೇಲೆ ಸೋದರರ ಜೊತೆ ಸ್ವಂತ ಕಂಪನಿ ಕಟ್ಟಿದರು. ದತ್ತಾ, ಅಶೋಕ, ಸುರೇಶ, ಈ ಮೂವರ ಹೆಸರಿನ ಮೊದಲ ಅಕ್ಷರ ಸೇರಿಸಿ 'ದಾಸ್ ಆಫ್‌ಶೋರ್' ಅಂತ ಹೆಸರಿಟ್ಟರು. ಸಮುದ್ರದಲ್ಲಿ ತೈಲ ತೆಗೆಯುವ ಕಟ್ಟೆಗಳ ಕೆಲಸ ಅವರದು. ಈ ಕಥೆಯಿಂದ ಹೆಮ್ಮೆ ಪಡೋಣ. ಆದರೆ ಒಬ್ಬ ಮನುಷ್ಯ ಮೇಲೆ ಹೋದ ಅಂದರೆ ಓಣಿ ಮೇಲೆ ಹೋಯಿತು ಅಂತ ಅಲ್ಲ. ಓಣಿ ಮೇಲೆ ಹೋಗಬೇಕಾದರೆ ಓಣಿಗೆ ಒಂದು ಸಂಘಟನೆ ಬೇಕು. ಸಂಘಟನೆ ಹೇಗಿರಬೇಕು ಅನ್ನುವಲ್ಲಿ ಮಾತ್ರ ಈ ಪುಸ್ತಕಗಳು ನನಗೆ ಉಪಯೋಗಕ್ಕೆ ಬಂದವು. ಇನ್ನು ಅದನ್ನು ಹೇಳ್ತೀನಿ.

ಮೊದಲು ನಾಯಕತ್ವ.

ಜಿಮ್ ಕಾಲಿನ್ಸ್ ಅನ್ನುವವರ 'ಗುಡ್ ಟು ಗ್ರೇಟ್' ಎಂಬ ಪುಸ್ತಕ 2001ರಲ್ಲಿ ಬಂತು. ಸಾಧಾರಣ ಮಟ್ಟದಿಂದ ಬಹಳ ಮೇಲೆ ಹೋದ 11 ಕಂಪನಿಗಳನ್ನು ಆರಿಸಿ ಅವುಗಳ ನಾಯಕರು ಹೇಗಿದ್ದರು ಅಂತ ನೋಡಿದ್ದಾರೆ. ಅವರು ಕಂಡದ್ದು ಇಷ್ಟು: ಒಳ್ಳೆಯ ನಾಯಕ ಜೋರು ಬಾಯಿಯವನಲ್ಲ. ಕೆಲಸ ಚಲೋ ಆದಾಗ ಅವನು ಕಿಟಕಿಯಿಂದ ಹೊರಗೆ ನೋಡಿ ಇದು ಅವರಿಂದ ಆಯಿತು ಅನ್ನುತ್ತಾನೆ. ಕೆಟ್ಟಾಗ ಕನ್ನಡಿ ನೋಡಿಕೊಳ್ಳುತ್ತಾನೆ. ತಾನು ಹೋದ ಮೇಲೂ ಕೆಲಸ ನಡೆಯುವಂತೆ ಮುಂದಿನವರನ್ನು ತಯಾರು ಮಾಡಿರುತ್ತಾನೆ. (ಒಂದು ಮಾತು ಸೇರಿಸಬೇಕು. ಆ 11ರಲ್ಲಿ ಸರ್ಕಿಟ್ ಸಿಟಿ ಎಂಬ ಕಂಪನಿ 2008ರಲ್ಲಿ ದಿವಾಳಿ ಎದ್ದಿತು, ಫ್ಯಾನಿ ಮೇ ಎಂಬುದನ್ನು ಅದೇ ವರ್ಷ ಅಮೆರಿಕದ ಸರ್ಕಾರ ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ಆದ್ದರಿಂದ ಪುಸ್ತಕದಲ್ಲಿ ಬಂತು ಅಂದ ಮಾತ್ರಕ್ಕೆ ವೇದವಾಕ್ಯ ಅನ್ನಬೇಡಿ.)

ಕನ್ನಡಿಯ ಮಾತು ಓದಿದ ದಿನ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಯಾಕೆ ಅಂತ ಇಲ್ಲಿ ಎಲ್ಲರ ಮುಂದೆ ಹೇಳಿಬಿಡ್ತೀನಿ.

ನಮ್ಮ ಅಭ್ಯಾಸಿಕೆಯ ಕೀಲಿಕೈ ನನ್ನ ಹತ್ತಿರ ಇತ್ತು. ನಾನೇ ಕೇಳಿ ಇಸಿದುಕೊಂಡದ್ದು. ಬೇರೆಯವರ ಹತ್ತಿರ ಇದ್ದರೆ ಪುಸ್ತಕ ಹೋಗುತ್ತವೆ, ಲೈಟು ಹಾಗೇ ಉರಿಯುತ್ತದೆ, ನಾನಾದರೆ ನೀಟಾಗಿ ನೋಡಿಕೊಳ್ತೀನಿ ಅನ್ನುವುದು ನನ್ನ ವಾದ. ನೋಡಿಕೊಂಡೆ ಕೂಡ. ಪುಸ್ತಕಗಳಿಗೆ ನಂಬರು ಹಾಕಿದೆ, ಗೋಡೆಗೆ ಬಾಬಾಸಾಹೇಬರ ಫೋಟೋ ಹಾಕಿಸಿದೆ. ಆಮೇಲೆ ನನ್ನ ಕಾಲೇಜಿನ ಪರೀಕ್ಷೆ ಬಂತು. ಮಿರಜದಲ್ಲಿ ಗೆಳೆಯನ ಖೋಲಿಯಲ್ಲಿ ಮೂರು ವಾರ ಉಳಿದೆ. ಕೀಲಿಕೈ ನನ್ನ ಚೀಲದ ಒಳಜೇಬಿನಲ್ಲಿ. ಅದೇ ಮೂರು ವಾರ ಹತ್ತನೆತ್ತೆ ಮಕ್ಕಳ ಪರೀಕ್ಷೆಯೂ ಇತ್ತು. ನಾನು ಊರಿಗೆ ಬಂದಾಗ ನಮ್ಮ ಓಣಿಯ ಒಬ್ಬ ಹುಡುಗಿ ಕೇಳಿದಳು, "ಅಣ್ಣಾ, ನಾವು ಬೀದಿದೀಪದ ಕೆಳಗೆ ಕೂತು ಓದಿದ್ವಿ. ಅಭ್ಯಾಸಿಕೆ ಯಾರ ಸಲುವಾಗಿ ಮಾಡೀರಿ?"

ನನ್ನಲ್ಲಿ ಉತ್ತರ ಇರಲಿಲ್ಲ. ಯಾರೂ ನನ್ನನ್ನು ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ನಾನು ಕಳ್ಳತನ ಮಾಡಿರಲಿಲ್ಲ, ಸೋಮಾರಿತನವನ್ನೂ ಮಾಡಿರಲಿಲ್ಲ. ಎಲ್ಲ ಕೆಲಸ ನಾನೇ ಮಾಡಿದ್ದೆ, ತಪ್ಪು ಆದದ್ದು ಅಲ್ಲೇ. ನಾನಿಲ್ಲದಿದ್ದರೆ ನಿಲ್ಲುವ ಕೆಲಸವನ್ನು ಕಟ್ಟಿ, ಅದಕ್ಕೆ ಸೇವೆ ಅಂತ ಹೆಸರಿಟ್ಟುಕೊಂಡಿದ್ದೆ.

ಈ ದೃಷ್ಟಿಯಿಂದ ಬಾಬಾಸಾಹೇಬರ ಜೀವನದ ಕೆಲವು ವರ್ಷಗಳನ್ನು ಮತ್ತೆ ಓದಿದೆ. 1920ರ ಜನವರಿ 31ಕ್ಕೆ ಅವರು 'ಮೂಕನಾಯಕ' ಪತ್ರಿಕೆ ಶುರು ಮಾಡಿದರು. ಶಾಹು ಮಹಾರಾಜರು 2500 ರೂಪಾಯಿ ಕೊಟ್ಟರು. ಸಂಪಾದಕ ಅಂತ ಹೆಸರು ಇದ್ದದ್ದು ಪಾಂಡುರಂಗ ಭಟ್ಕರರದು, ಯಾಕಂದ್ರೆ ಬಾಬಾಸಾಹೇಬರು ಆಗ ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರು. ಅದೇ ಮಾರ್ಚ್ 21 ಮತ್ತು 22ಕ್ಕೆ ಇಲ್ಲೇ ನಮ್ಮ ನೆರೆಯ ಕೊಲ್ಹಾಪುರ ಸಂಸ್ಥಾನದ ಮಾಣಗಾವದಲ್ಲಿ ಪರಿಷತ್ತು ನಡೆಯಿತು. ಅಧ್ಯಕ್ಷರಾಗಿದ್ದ ಬಾಬಾಸಾಹೇಬರಿಗೆ ಆಗ 28 ವರ್ಷ. ನಿಮ್ಮ ನಾಯಕ ನಿಮಗೆ ಸಿಕ್ಕಿದ್ದಾನೆ ಅಂತ ಶಾಹು ಮಹಾರಾಜರು ಅಲ್ಲಿ ಜನಕ್ಕೆ ಹೇಳಿದರು. ಕೆಲವು ತಿಂಗಳಲ್ಲಿ ಬಾಬಾಸಾಹೇಬರು ಓದು ಮುಗಿಸಲು ಲಂಡನ್ನಿಗೆ ಹೋದರು. ಪತ್ರಿಕೆ ಹೇಗೋ ನಡೆದು 1923ರಲ್ಲಿ ನಿಂತಿತು.

ಅವರು ತಿರುಗಿ ಬಂದು 1924ರಲ್ಲಿ ಮಾಡಿದ್ದನ್ನು ಗಮನಿಸಿ. ಆ ಸಲ ಪತ್ರಿಕೆಯಿಂದ ಶುರು ಮಾಡಲಿಲ್ಲ. 'ಬಹಿಷ್ಕೃತ ಹಿತಕಾರಿಣಿ ಸಭಾ' ಎಂಬ ಸಂಸ್ಥೆ ಕಟ್ಟಿದರು. ಅದಕ್ಕೆ ನಿಯಮ, ಉದ್ದೇಶ, ಕಾರ್ಯಕಾರಿ ಮಂಡಳಿ ಎಲ್ಲ ಇತ್ತು. ಸಭೆಯ ಅಧ್ಯಕ್ಷರು ಬಾಬಾಸಾಹೇಬರಲ್ಲ, ಸರ್ ಚಿಮನಲಾಲ ಸೆಟಲ್ವಾಡರು. ಬಾಬಾಸಾಹೇಬರು ವಹಿಸಿಕೊಂಡದ್ದು ದಿನದ ಕೆಲಸ ನಡೆಸುವ ಕಾರ್ಯಕಾರಿ ಮಂಡಳಿಯ ಜವಾಬ್ದಾರಿ. ವಸತಿಗೃಹ, ವಾಚನಾಲಯ, ಅಭ್ಯಾಸ ಮಂಡಳ ತೆರೆಯುವುದು ಸಭೆಯ ಉದ್ದೇಶಗಳಲ್ಲೇ ಬರೆದಿತ್ತು. 1925ರ ಜನವರಿಯಲ್ಲಿ ಸೊಲ್ಲಾಪುರದಲ್ಲಿ ವಿದ್ಯಾರ್ಥಿಗಳಿಗೆ ವಸತಿಗೃಹ ತೆರೆಯಿತು. ನನಗೆ ಕಾಣುವುದು ಹೀಗೆ: ಒಬ್ಬರು ದೂರ ಹೋದರೆ ನಿಲ್ಲುವಂಥದ್ದರಿಂದ, ಒಬ್ಬರು ದೂರ ಹೋದರೂ ನಡೆಯುವಂಥದ್ದರ ಕಡೆಗೆ ಅವರು ಹೆಜ್ಜೆ ಇಟ್ಟರು. ಪತ್ರಿಕೆಯನ್ನೂ ಬಿಡಲಿಲ್ಲ. 1927ರಲ್ಲಿ 'ಬಹಿಷ್ಕೃತ ಭಾರತ', 1930ರಲ್ಲಿ 'ಜನತಾ', 1956ರಲ್ಲಿ ಅದೇ 'ಪ್ರಬುದ್ಧ ಭಾರತ' ಆಯಿತು. ಒಂದು ನಿಂತರೆ ಇನ್ನೊಂದು.

ನಾವು ಬಾಬಾಸಾಹೇಬರ ಫೋಟೋಕ್ಕೆ ಹಾರ ಹಾಕ್ತೀವಿ. ಅವರ ರಜಿಸ್ಟರಿಗೆ, ಲೆಕ್ಕದ ವಹಿಗೆ, ಕಾರ್ಯಕಾರಿ ಮಂಡಳಿಗೆ ಹಾರ ಹಾಕುವುದಿಲ್ಲ. ಬೆನ್ನೆಲುಬು ಅದು.

ಇಂಥ ಸಂಸ್ಥೆ ನಮ್ಮ ಊರಲ್ಲಿ ಇಲ್ಲವಾ ಅಂತ ಹುಡುಕಿದೆ. ಇದೆ. ನಮ್ಮ ಮನೆಯಲ್ಲೇ ಇದೆ. ನಮ್ಮ ಅವ್ವನವರ ಬಚತ ಗಟ. ತಿಂಗಳಿಗೊಮ್ಮೆ ಗೊತ್ತಾದ ದಿನ ಸೇರುತ್ತಾರೆ. ಎಲ್ಲರೂ ಒಂದೇ ಮೊತ್ತ ತುಂಬುತ್ತಾರೆ. ಯಾರಿಗೆ ಸಾಲ, ಯಾಕೆ, ಯಾವಾಗ ತಿರುಗಿ ಅನ್ನುವುದು ಎಲ್ಲರ ಎದುರು ತೀರ್ಮಾನ. ಬ್ಯಾಂಕಿನಿಂದ ದುಡ್ಡು ತೆಗೆಯಲು ಒಬ್ಬರ ಸಹಿ ಸಾಲದು. ಅಧ್ಯಕ್ಷೆ ತವರಿಗೆ ಹೋದರೂ ಸಭೆ ನಿಲ್ಲುವುದಿಲ್ಲ. ಬರೆಯಲು ಬಾರದವರ ಹಪ್ತಾ ಕೂಡ ವಹಿಯಲ್ಲಿ ತಪ್ಪದೆ ಬಂದಿರುತ್ತದೆ, ಬರದಿದ್ದರೆ ಅವರೇ ಬಾಯಿಲೆಕ್ಕದಲ್ಲಿ ಹಿಡಿಯುತ್ತಾರೆ. ದ್ರಾಕ್ಷಿ ಬಾಗಿನ ಛಾಟಣಿಗೆ ಹೋಗುವ ಹೆಣ್ಣುಮಕ್ಕಳ ಟೋಳಿ ನೋಡ್ರಿ. ಎಕರೆಗೆ ಎಷ್ಟು ಅಂತ ಬಾಗಾಯತದಾರರ ಜೊತೆ ಮಾತಾಡುವವಳು ಒಬ್ಬಳು, ಯಾರು ಬಂದರು ಯಾರು ಬರಲಿಲ್ಲ ಅಂತ ನೆನಪಿಡುವವಳು ಒಬ್ಬಳು. ಶನಿವಾರ ಪಗಾರ ಹಂಚಿದಾಗ ಜಗಳ ಇಲ್ಲ. ಗ್ರಂಥಾಲಯದಿಂದ ಮಿರಜಕ್ಕೆ, ಮಿರಜದಿಂದ ಅಮೆರಿಕಕ್ಕೆ ಮನಸ್ಸಿನಲ್ಲಿ ತಿರುಗಿ ಬಂದವನಿಗೆ ಉತ್ತರ ಸಿಕ್ಕಿದ್ದು ಅಡುಗೆಮನೆಯ ಬಾಗಿಲಲ್ಲಿ. ನಮ್ಮ ಮಂಡಳದ ಕಾರ್ಯಕಾರಿಣಿಯಲ್ಲಿ ಮಾತ್ರ ಒಬ್ಬ ಹೆಣ್ಣುಮಗಳೂ ಇಲ್ಲ.

ಎರಡನೆಯದು ಸೃಜನಶೀಲತೆ.

ಈ ಶಬ್ದ ಕೇಳಿದರೆ ನಮಗೆ ಕಂಪ್ಯೂಟರ್, ಜಾಹೀರಾತು, ದೊಡ್ಡ ಐಡಿಯಾ ನೆನಪಾಗುತ್ತದೆ. ಆದರೆ ಮಿರಜದ ಸತಾರ ಮೇಕರ ಗಲ್ಲಿಗೆ ಹೋಗಿ ಬನ್ನಿ. ಅಲ್ಲಿ ತಂಬೂರಿ, ಸಿತಾರ ಮಾಡುವ ಮನೆತನಗಳು ಮೂಲದಲ್ಲಿ ಶಿಕಲಗಾರರು. ಕತ್ತಿ, ಭರ್ಚಿಗಳಿಗೆ ಸಾಣೆ ಹಿಡಿಯುವವರು. ಬ್ರಿಟಿಷರ ಕಾಲದಲ್ಲಿ ಸಂಸ್ಥಾನಗಳ ಯುದ್ಧ ನಿಂತವು, ಆಯುಧದ ಕೆಲಸ ಬಿದ್ದುಹೋಯಿತು. 19ನೆಯ ಶತಮಾನದಲ್ಲಿ ಫರೀದಸಾಹೇಬರಂಥವರು ಅದೇ ಕೈಚಳಕವನ್ನು ವಾದ್ಯದ ಕಡೆ ತಿರುಗಿಸಿದರು. ಪಂಢರಪುರದ ಕಡೆಯ ದೊಡ್ಡ ಕುಂಬಳ ತಂದು ಒಣಗಿಸಿ ತಂಬೂರಿ ಕಟ್ಟಿದರು. ಇವತ್ತು ದೇಶದ ದೊಡ್ಡ ದೊಡ್ಡ ಗಾಯಕರ ಹಿಂದೆ ಮೀಟುವ ತಂಬೂರಿ ಮಿರಜದ್ದು. 2024ರಲ್ಲಿ ಮಿರಜದ ಸಿತಾರ ಮತ್ತು ತಂಬೂರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಇದ್ದ ಕೈಗೆ ಹೊಸ ಕೆಲಸ ಕೊಡುವುದು ಒಂದು ಸೃಜನಶೀಲತೆ.

ಆದರೆ ಇಲ್ಲಿ ನಾವು ಎಚ್ಚರ ಇರಬೇಕು. 'ನಿಮ್ಮ ಪಾರಂಪರಿಕ ಕಸುಬನ್ನೇ ಉದ್ಯೋಗ ಮಾಡಿಕೊಳ್ಳಿ' ಅಂತ ನಮಗೆ ಸಲಹೆ ಕೊಡುವವರು ಬಹಳ. ಶಿಕಲಗಾರರ ಕೈಯಲ್ಲಿ ಇದ್ದದ್ದು ಮರ್ಯಾದೆಯ ಕಸುಬು. ನಮ್ಮ ಹಿರಿಯರ ಮೇಲೆ ಹೇರಿದ್ದು ಸತ್ತ ದನ ಎಳೆಯುವ ಕೆಲಸ, ಊರ ಚಾಕರಿ, ಉಳಿದ ತಂಗಳು. ಅದನ್ನು ಬಿಡಿರಿ ಅಂತ ಬಾಬಾಸಾಹೇಬರು 1927ರ ಮಹಾಡದ ಸಭೆಯಲ್ಲಿ ಹೇಳಿದರು. ಬಿಟ್ಟ ಮೇಲೆ ಹೊಟ್ಟೆಗೆ ಏನು ಅನ್ನುವ ಪ್ರಶ್ನೆಗೆ ಒಂದೊಂದು ಮನೆ ಒಂದೊಂದು ಉತ್ತರ ಹುಡುಕಿಕೊಂಡಿತು. ಮಿಲ್ಲು, ರೈಲ್ವೆ, ಪಲಟಣ, ಶಾಲೆ. ಕೆಲವು ಸಲ ಬಿಡುವುದೇ ದೊಡ್ಡ ಸೃಜನಶೀಲತೆ.

ಪೀಟರ್ ಡ್ರಕರ್ ಎಂಬ ಮ್ಯಾನೇಜ್‌ಮೆಂಟ್ ಗುರು ಇದನ್ನೇ ಕಂಪನಿಗಳಿಗೆ ಬೇರೆ ರೀತಿ ಹೇಳಿದರು. ನಡೆದು ಬಂದದ್ದನ್ನೆಲ್ಲ ಆಗಾಗ ಎದುರಿಗಿಟ್ಟುಕೊಂಡು, ಇದು ಇಲ್ಲಿಯ ತನಕ ಇರದೇ ಇದ್ದರೆ ಇವತ್ತು ಹೊಸದಾಗಿ ಶುರು ಮಾಡುತ್ತಿದ್ದೆವಾ ಅಂತ ಕೇಳಿಕೊಳ್ಳಬೇಕು. ಇಲ್ಲ ಅನ್ನುವುದಾದರೆ ಬಿಡುವ ದಾರಿ ನೋಡಬೇಕು.

ಈ ಪ್ರಶ್ನೆಯನ್ನು ನಮ್ಮ ಜಯಂತಿಗೆ ಹಚ್ಚಿ ನೋಡೋಣ. ಮೆರವಣಿಗೆಯನ್ನು ಹೊಸದಾಗಿ ಶುರು ಮಾಡುತ್ತಿದ್ದೆವಾ? ಖಂಡಿತ ಮಾಡುತ್ತಿದ್ದೆವು. ಡಿ.ಜೆ.ಯನ್ನು? ನಾನು ಈ ಮಾತು ಎತ್ತಿದಾಗ ನಮ್ಮ ಓಣಿಯ ಒಬ್ಬ ಮುದುಕರು ಅಂದರು, "ಹುಡುಗಾ, ಈ ಊರ ಬೀದಿಯೊಳಗ ನಾವು ಗಟ್ಟಿ ದನಿಲೆ ಮಾತಾಡಿದವರಲ್ಲ. ವರ್ಷಕ್ಕ ಒಂದಿನ ನಮ್ಮ ದನಿ ಊರಿಗೆಲ್ಲ ಕೇಳಲಿ ಬಿಡು." ಆ ಮಾತಿನ ಹಿಂದಿನ ನೋವು ನನಗೆ ಗೊತ್ತು. ಆ ದನಿ ಕೇಳಬೇಕು. ನನ್ನ ವಿನಂತಿ ಇಷ್ಟೇ: ದನಿ ನಮ್ಮದಾಗಿರಲಿ, ಬಾಡಿಗೆಯದು ಬೇಡ. ಹಲಗೆ ನಮ್ಮದು, ಭೀಮಗೀತೆ ಹಾಡುವವರು ನಮ್ಮಲ್ಲಿದ್ದಾರೆ, ಲೇಝೀಮು ಆಡುವ ಹುಡುಗಿಯರಿದ್ದಾರೆ. ವರ್ಗಣಿಯ ದೊಡ್ಡ ಪಾಲು ಒಂದು ರಾತ್ರಿಯ ಬಾಡಿಗೆಗೆ ಹೋಗಿ, ಅಭ್ಯಾಸಿಕೆಯ ಲೈಟ್ ಬಿಲ್ಲಿಗೆ ಮನೆ ಮನೆ ತಿರುಗುವ ಪಾಳಿ ಯಾಕೆ ಬರಬೇಕು?

ಮೂರನೆಯದು ಬದಲಾವಣೆ.

ಹಾರ್ವರ್ಡ್ ವಿದ್ಯಾಪೀಠದ ಪ್ರಾಧ್ಯಾಪಕ ಜಾನ್ ಕಾಟರ್ 1996ರಲ್ಲಿ 'ಲೀಡಿಂಗ್ ಚೇಂಜ್' ಎಂಬ ಪುಸ್ತಕ ಬರೆದರು. ಸಂಸ್ಥೆಗಳಲ್ಲಿ ಬದಲಾವಣೆ ಯಾಕೆ ಕೈಗೂಡುವುದಿಲ್ಲ ಅಂತ ನೋಡಿ ಎಂಟು ಮೆಟ್ಟಿಲು ಹೇಳಿದ್ದಾರೆ. ಎಂಟನ್ನೂ ಹೇಳಿ ನಿಮಗೆ ಬೇಸರ ಮಾಡುವುದಿಲ್ಲ. ಈಗಲೇ ಆಗಬೇಕು ಅನ್ನುವ ತುರ್ತು ಜನರಿಗೆ ಹತ್ತಬೇಕು. ಒಬ್ಬನಿಂದ ಆಗುವುದಿಲ್ಲ, ಜೋಡಿ ನಿಲ್ಲುವ ಗುಂಪು ಬೇಕು. ಸಣ್ಣ ಸಣ್ಣ ಗೆಲುವು ಕಣ್ಣಿಗೆ ಕಾಣಬೇಕು. ಎಲ್ಲಕ್ಕಿಂತ ಮುಖ್ಯ, ಮೊದಲ ಗೆಲುವಿಗೇ ಗೆದ್ದೆವು ಅಂತ ಮನೆಗೆ ಹೋಗಬಾರದು. ಬದಲಾವಣೆ ರೂಢಿಯಾಗಿ ಬೇರು ಬಿಡುವ ತನಕ ಬಿಡಬಾರದು.

ಓದುತ್ತ ಹೋದಂತೆ ನನಗೆ ಅನ್ನಿಸಿತು, ಈ ಮಾತಿಗೆ ಕಂಪನಿಯ ಉದಾಹರಣೆ ಯಾಕೆ, ಮಹಾಡ ಇದೆಯಲ್ಲ. ಲೆಕ್ಕ ಹಾಕಿ. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ ಬೋಲೆಯವರ ಠರಾವು ಮುಂಬಯಿ ಕೌನ್ಸಿಲ್ಲಿನಲ್ಲಿ ಪಾಸಾದದ್ದು 1923ರಲ್ಲಿ. ಕೊಂಕಣದ ಮಹಾಡ ನಗರಪಾಲಿಕೆ ತನ್ನ ಚವದಾರ ಕೆರೆಯನ್ನು ತೆರೆದಿದ್ದೇವೆ ಅಂತ ಠರಾವು ಮಾಡಿದ್ದು 1924ರಲ್ಲಿ. ಕಾಗದದಲ್ಲಿ ಕೆರೆ ತೆರೆದಿತ್ತು. ಒಬ್ಬ ಅಸ್ಪೃಶ್ಯನೂ ಒಂದು ಬೊಗಸೆ ನೀರು ಕುಡಿದಿರಲಿಲ್ಲ. 1927ರ ಮಾರ್ಚ್ 20ಕ್ಕೆ ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಿ ನೀರು ಮುಟ್ಟಿದರು. ಅದಾದ ಮೇಲೆ ಮೇಲ್ಜಾತಿಯವರು ನಮ್ಮ ಜನರನ್ನು ಹೊಡೆದರು, ಕೆರೆಯನ್ನು 'ಶುದ್ಧಿ' ಮಾಡಿದರು. ಆಗಸ್ಟಿನಲ್ಲಿ ನಗರಪಾಲಿಕೆ ತನ್ನ ಠರಾವನ್ನೇ ರದ್ದು ಮಾಡಿತು. ಡಿಸೆಂಬರಿನಲ್ಲಿ ಮತ್ತೆ ಪರಿಷತ್ತು. ಕೋರ್ಟಿನಲ್ಲಿ ದಾವೆ. ಕಡೆಗೆ ಮುಂಬಯಿ ಹೈಕೋರ್ಟ್ ನಮ್ಮ ಹಕ್ಕನ್ನು ಎತ್ತಿಹಿಡಿದದ್ದು 1937ರ ಮಾರ್ಚ್ 17ಕ್ಕೆ. ನೀರು ಮುಟ್ಟಿದ ದಿನದಿಂದ ಹತ್ತು ವರ್ಷ.

ನಾವು ನೆನಪಿಡುವುದು ಮಾರ್ಚ್ 20ರ ಒಂದು ದಿನವನ್ನು. ಆ ದಿನದ ಹಿಂದೆ ಮೂರು ವರ್ಷ ಕಾಗದದಲ್ಲೇ ಉಳಿದ ಠರಾವು ಇದೆ, ಮುಂದೆ ಹತ್ತು ವರ್ಷದ ಕೋರ್ಟಿನ ತಾರೀಖು ಇವೆ. ಪ್ರತಿ ತಾರೀಖಿಗೂ ಯಾರೋ ಹೋಗಿ ನಿಂತಿದ್ದಾರೆ. ಯಾರೋ ಕಾಗದ ಜೋಪಾನ ಮಾಡಿದ್ದಾರೆ. ಅವರ ಮೆರವಣಿಗೆ ಯಾರೂ ತೆಗೆಯಲಿಲ್ಲ. ಗೆಳೆಯರೇ, ಸಂಘಟನೆ ಅಂದರೆ ಆ ಹತ್ತು ವರ್ಷ.

ಹಾಗಾದರೆ ನಮ್ಮ ಮಂಡಳದಲ್ಲಿ ಯಾವ ಬದಲಾವಣೆ ತುರ್ತು? ಹೊರಗಿನ ಗೋಡೆಯ ಮಾತು ನಾವು ಯಾವತ್ತೂ ಆಡ್ತೀವಿ, ಆಡಲೇಬೇಕು. ಇವತ್ತು ಒಳಗಿನ ಎರಡು ಗೋಡೆ ಹೇಳ್ತೀನಿ.

ಒಂದು, ಈಗಾಗಲೇ ಹೇಳಿದ್ದು: ಹೆಣ್ಣುಮಕ್ಕಳು. ಜಯಂತಿಗೆ ಆರತಿ ಹಿಡಿಯಲು ಅವರು ಬೇಕು, ಅಡುಗೆಗೆ ಬೇಕು, ಸಭೆಗೆ ಬೇಡ. ಬೀದಿದೀಪದ ಕೆಳಗೆ ಕೂತು ಓದಿದ ಆ ಹುಡುಗಿ ಕಾರ್ಯಕಾರಿಣಿಯಲ್ಲಿ ಇದ್ದಿದ್ದರೆ ಎರಡನೆಯ ಕೀಲಿಕೈಯ ಮಾತು ಮೊದಲ ಸಭೆಯಲ್ಲೇ ಬರುತ್ತಿತ್ತು. ತೊಂದರೆ ಯಾರಿಗೆ ಆಗುತ್ತದೋ ಅವರು ಸಭೆಯಲ್ಲಿ ಇಲ್ಲದಿದ್ದರೆ ಸಭೆಗೆ ತೊಂದರೆ ಕಾಣುವುದಿಲ್ಲ.

ಎರಡು, ನಮ್ಮ ನಮ್ಮೊಳಗಿನ ಓಣಿ. ಏಪ್ರಿಲ್ 14ರ ಜಯಂತಿ ನಮ್ಮದು, ಆಗಸ್ಟ್ 1ರದು ಅವರದು ಅಂತ ಹಂಚಿಕೊಂಡು ಕೂತಿದ್ದೀವಿ. ಅಣ್ಣಾಭಾವು ಸಾಠೆಯವರು ನಮ್ಮ ಸಾಂಗಲಿ ಜಿಲ್ಲೆಯ ವಾಟೇಗಾವದವರು. 1920ರಲ್ಲಿ ಮಾಂಗ ಜಾತಿಯಲ್ಲಿ ಹುಟ್ಟಿ, ಶಾಲೆಯ ಮೆಟ್ಟಿಲು ಹೆಚ್ಚು ಹತ್ತದೆ, 'ಫಕೀರಾ'ದಂಥ ಕಾದಂಬರಿ ಬರೆದು ಬಾಬಾಸಾಹೇಬರಿಗೇ ಅರ್ಪಿಸಿದವರು. ಅವರು ಬರೆದು ಅರ್ಪಿಸಬಹುದು, ನಾವು ಅವರ ಜಯಂತಿಗೆ ಹೋಗಿ ಒಂದು ಹಾರ ಹಾಕಬಾರದಾ? ಮಹಾರ, ಮಾಂಗ, ಚಾಂಭಾರ ಅಂತ ಬೇರೆ ಬೇರೆ ಕೂತ ನಾವು ಊರಿನವರಿಗೆ ಜಾತಿ ಬಿಡಿರಿ ಅಂತ ಯಾವ ಬಾಯಿಂದ ಹೇಳುವುದು? ಮ್ಯಾನೇಜ್‌ಮೆಂಟ್ ಪುಸ್ತಕದಲ್ಲಿ ಈ ಅಧ್ಯಾಯ ಇಲ್ಲ. ನಾವೇ ಬರೆಯಬೇಕು.

ಸಭೆ ನಡೆಸುವ ಬಗ್ಗೆಯೂ ಒಂದು ಸಣ್ಣ ಮಾತು. ಎಡ್ವರ್ಡ್ ಡಿ ಬೋನೊ ಎಂಬವರು 1985ರಲ್ಲಿ ಆರು ಟೋಪಿಗಳ ಪುಸ್ತಕ ಬರೆದರು. ಬಿಳಿ ಟೋಪಿ ಅಂದರೆ ಬರೀ ಮಾಹಿತಿ, ಕೆಂಪು ಅಂದರೆ ಭಾವನೆ, ಕಪ್ಪು ಅಂದರೆ ಅಪಾಯ, ಹಳದಿ ಅಂದರೆ ಲಾಭ, ಹಸಿರು ಅಂದರೆ ಹೊಸ ವಿಚಾರ, ನೀಲಿ ಅಂದರೆ ಸಭೆಯ ಶಿಸ್ತು. ಎಲ್ಲರೂ ಒಂದು ಹೊತ್ತಿಗೆ ಒಂದೇ ಟೋಪಿ ಹಾಕಿ ಮಾತಾಡಬೇಕು. ನಮ್ಮ ಸಭೆಗಳಲ್ಲಿ ಎಲ್ಲರ ತಲೆ ಮೇಲೂ ಮೊದಲಿನಿಂದ ಕಡೆಯ ತನಕ ಕೆಂಪು ಟೋಪಿ! (ಈ ಮಾತಿಗೆ ಸಭೆಯಲ್ಲಿ ನಕ್ಕರು. ನಕ್ಕವರಲ್ಲಿ ನಮ್ಮ ಅಧ್ಯಕ್ಷರೂ ಇದ್ದರು.) ಮೊದಲ ಹತ್ತು ನಿಮಿಷ ಬಿಳಿ ಟೋಪಿ ಹಾಕೋಣ. ದುಡ್ಡು ಎಷ್ಟಿದೆ, ಖರ್ಚು ಎಷ್ಟಾಯಿತು, ಅಷ್ಟೇ. ಅರ್ಧ ಜಗಳ ಅಲ್ಲೇ ಇಳಿಯುತ್ತದೆ.

ಹಾಗಾಗಿ ಈ ವಾರ್ಷಿಕೋತ್ಸವದಲ್ಲಿ ನಾನು ಮಂಡಳದ ಮುಂದೆ ನಾಲ್ಕು ಸೂಚನೆ ಇಡುತ್ತೇನೆ. ದುಡ್ಡು ಕೇಳುವ ಸೂಚನೆ ಒಂದೂ ಇಲ್ಲ. ಅಭ್ಯಾಸಿಕೆಗೆ ಮೂರು ಕೀಲಿಕೈ ಇರಲಿ, ಒಂದು ಕಡ್ಡಾಯವಾಗಿ ಪರೀಕ್ಷೆಗೆ ಕೂಡುವ ಮಕ್ಕಳ ಹತ್ತಿರ ಇರಲಿ. ಪ್ರತಿ ತಿಂಗಳ ಜಮಾಖರ್ಚು ಫಲಕದ ಮೇಲೆ ಬರಲಿ, ಅದನ್ನು ಬರೆಯುವುದನ್ನು ಬಚತ ಗಟದ ತಾಯಂದಿರಿಂದ ಕಲಿಯೋಣ. ಕಾರ್ಯಕಾರಿಣಿಯಲ್ಲಿ ಅರ್ಧ ಜನ ಹೆಣ್ಣುಮಕ್ಕಳಿರಲಿ, ಎಲ್ಲ ಓಣಿಯವರೂ ಇರಲಿ. ಯಾವ ಹುದ್ದೆಯಲ್ಲೂ ಒಬ್ಬರು ಎರಡು ವರ್ಷಕ್ಕಿಂತ ಹೆಚ್ಚು ಇರುವುದು ಬೇಡ, ಹೋಗುವ ಮುಂಚೆ ಮುಂದಿನವರಿಗೆ ಕೆಲಸ ಕಲಿಸಿ ಹೋಗಲಿ.

ಇವು ಪಾಸಾಗಬಹುದು, ಬಿದ್ದೂ ಹೋಗಬಹುದು. ಪಾಸಾದರೆ ಅದು 1924ರ ಠರಾವಿನಷ್ಟೇ ಅಂತ ನೆನಪಿಡೋಣ. ನೀರು ಮುಟ್ಟುವ ಕೆಲಸ ಆಮೇಲಿನದು.

ಕಡೆಯ ಮಾತು. ನನ್ನ ಹತ್ತಿರದ ಕೀಲಿಕೈಯಿಂದ ಮಿರಜದಲ್ಲಿ ಎರಡು ನಕಲು ಮಾಡಿಸಿಕೊಂಡು ಬಂದಿದ್ದೇನೆ. ಒಂದನ್ನು ಅಧ್ಯಕ್ಷರಿಗೆ ಕೊಡುತ್ತೇನೆ. ಇನ್ನೊಂದನ್ನು ಈ ವೇದಿಕೆಯಿಂದಲೇ ಆ ತಂಗಿಗೆ ಕೊಡುತ್ತೇನೆ. ಅವಳು ಈಗ ಹನ್ನೊಂದನೆತ್ತೆಗೆ ಹೋಗುತ್ತಾಳೆ. ಅವಳು ಊರಿಗೆ ಇಲ್ಲದ ದಿನ ಅದು ಯಾರ ಹತ್ತಿರ ಇರಬೇಕು ಅಂತ ಅವಳೇ ತೀರ್ಮಾನ ಮಾಡಲಿ.

ತಪ್ಪಿದ್ದರೆ ಹಿರಿಯರು ತಿದ್ದಬೇಕು. 

ಜೈ ಭ಼ೀಮ್. ನಮೋ ಬುದ್ಧಾಯ.